ಅಲಿಯೋ ಟೈಸನ್ನೋ? ತೀರ್ಪು ಹೇಳುವ ಮೊದಲು ಕೇಳಬೇಕಾದ ಪ್ರಶ್ನೆಗಳು

"ಅಲಿ ಮತ್ತೆ ಟೈಸನ್ ಎದುರಾಬದುರಾಗಿದ್ರೆ ಯಾರು ಗೆಲ್ತಿದ್ರು ಮಾರಾಯಾ?" ಕಾರವಾರದಲ್ಲಿ ಸಂಜೆ ಜಿಮ್ ಮುಗಿಸಿ ಚಾ ಅಂಗಡಿಯೆದುರು ನಿಂತ ಹುಡುಗರ ನಡುವೆ ಮುಹಮ್ಮದ್ ಅಲಿ, ಮೈಕ್ ಟೈಸನ್ ಎಂಬ ಇಬ್ಬರು ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ನರ ಕುರಿತ ಈ ಪ್ರಶ್ನೆ ಬಿದ್ದರೆ ಎರಡೇ ನಿಮಿಷದಲ್ಲಿ ಎರಡು ಪಕ್ಷವಾಗುತ್ತದೆ. ಒಬ್ಬ ಮೊಬೈಲಿನಲ್ಲಿ ಟೈಸನ್ನನ ನಾಕೌಟ್ ತುಣುಕು ತೆಗೆಯುತ್ತಾನೆ, ಇನ್ನೊಬ್ಬ ಆಫ್ರಿಕಾದ ಕಿನ್ಶಾಸಾದಲ್ಲಿ ಗೆದ್ದ ಅಲಿಯನ್ನು ತೋರಿಸುತ್ತಾನೆ. ಇಬ್ಬರು ತೋರಿಸುವುದೂ ನಿಜವೇ, ಆದರೂ ವಾದ ಮುಗಿಯುವುದಿಲ್ಲ. ಪ್ರಶ್ನೆಯೇ ಅರ್ಧಂಬರ್ಧ ಇರುವುದು ಇದಕ್ಕೆ ಕಾರಣ. ಯಾವ ವರ್ಷದ ಅಲಿ? ಎಷ್ಟು ರೌಂಡ್? ಎಷ್ಟು ಔನ್ಸಿನ ಗ್ಲೌಸ್? ಎದುರಾಳಿಯನ್ನು ತಬ್ಬಿ ಹಿಡಿಯುವುದನ್ನು ರೆಫ್ರಿ ಎಷ್ಟು ಹೊತ್ತು ಸಹಿಸುತ್ತಾನೆ? ಈ ಖಾಲಿ ಜಾಗಗಳನ್ನು ಒಂದು ರೀತಿ ತುಂಬಿದರೆ ಒಬ್ಬ ಗೆಲ್ಲುತ್ತಾನೆ, ಇನ್ನೊಂದು ರೀತಿ ತುಂಬಿದರೆ ಇನ್ನೊಬ್ಬ.

ಹಳಿಯಾಳದ ಕುಸ್ತಿ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕೆಮ್ಮಣ್ಣಿನ ಅಖಾಡದಲ್ಲಿ ಎದುರಾಳಿಯ ಬೆನ್ನು ನೆಲಕ್ಕೆ ತಾಗಿಸುವವರೆಗೆ ಹಿಡಿತ ಬಿಡದ ಪೈಲ್ವಾನ, ಮೂರು ಮೂರು ನಿಮಿಷದ ಎರಡು ಅವಧಿಯ ಮ್ಯಾಟ್ ಕುಸ್ತಿಗೆ ಇಳಿದಾಗ ಪಾಯಿಂಟ್ ಕಳೆದುಕೊಂಡು ಸೋಲಬಹುದು. ಅವನ ಬಲ ಕಡಿಮೆಯಾಗಿರುವುದಿಲ್ಲ, ಆಟದ ಲೆಕ್ಕ ಬದಲಾಗಿರುತ್ತದೆ. ಹೆವಿವೇಟ್ ಬಾಕ್ಸಿಂಗಿನಲ್ಲಿ ಈ ಲೆಕ್ಕ ನೂರಮೂವತ್ತು ವರ್ಷಗಳಲ್ಲಿ ಹಲವು ಸಲ ಬದಲಾಗಿದೆ.

ಯಾವ ರಾತ್ರಿಯ ಅಲಿ?

ಮೊದಲು ಹೆಸರಿನ ಪಕ್ಕ ಇಸವಿ ಬರೆಯಿರಿ. 1966ರ ನವೆಂಬರಿನಲ್ಲಿ ಹ್ಯೂಸ್ಟನ್‌ನಲ್ಲಿ ಕ್ಲೀವ್ಲೆಂಡ್ ವಿಲಿಯಮ್ಸ್‌ನನ್ನು ಮೂರು ರೌಂಡ್‌ಗಳಲ್ಲಿ ಮುಗಿಸಿದ ಅಲಿ ಸುಮಾರು 96 ಕಿಲೋ ಇದ್ದ. ಇಡೀ ರಿಂಗ್ ಸುತ್ತುತ್ತಾ ಹಿಂದೆ ಸರಿಯುತ್ತಲೇ ಹೊಡೆಯಬಲ್ಲ ಕಾಲು ಅವನದಾಗಿತ್ತು. ಸೇನೆಗೆ ಸೇರಲು ಒಪ್ಪದ ಕಾರಣ 1967ರ ಮಾರ್ಚ್‌ನಿಂದ 1970ರ ಅಕ್ಟೋಬರ್‌ವರೆಗೆ ಅವನು ಕಣಕ್ಕಿಳಿಯಲಾಗಲಿಲ್ಲ. ಮರಳಿ ಬಂದವನು ಬೇರೆಯೇ ಬಾಕ್ಸರ್. ಕಾಲಿನ ವೇಗ ಇಳಿದಿತ್ತು, ಪೆಟ್ಟು ತಿಂದು ನಿಲ್ಲುವ ಶಕ್ತಿ ಮತ್ತು ಎದುರಾಳಿಯನ್ನು ಓದುವ ಬುದ್ಧಿ ಏರಿದ್ದವು. 1974ರಲ್ಲಿ ಕಿನ್ಶಾಸಾದಲ್ಲಿ ಆಗಿನ ಚಾಂಪಿಯನ್ ಜಾರ್ಜ್ ಫೋರ್‌ಮನ್‌ನನ್ನು ಎಂಟನೇ ರೌಂಡಿನಲ್ಲಿ ಕೆಡವಿದ್ದು ಈ ಎರಡನೆಯ ಅಲಿ. 1980ರಲ್ಲಿ ಲ್ಯಾರಿ ಹೋಮ್ಸ್ ಎದುರು ಹತ್ತು ರೌಂಡ್ ಸುಮ್ಮನೆ ಪೆಟ್ಟು ತಿಂದವನು ಮೂರನೆಯವನು. ಆ ಮೂರನೆಯವನನ್ನು ಯಾವ ಲೆಕ್ಕಕ್ಕೂ ಹಿಡಿಯಬಾರದು.

ಟೈಸನ್ನನಿಗೂ ಇದೇ ಮಾತು. 1988ರ ಜೂನ್ 27ರಂದು ಮೈಕಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡುಗಳಲ್ಲಿ ಮಲಗಿಸಿದ ಟೈಸನ್ ಬೇರೆ. ಅದೇ ವರ್ಷದ ಕೊನೆಗೆ ತರಬೇತುದಾರ ಕೆವಿನ್ ರೂನಿಯನ್ನು ಬಿಟ್ಟ ಮೇಲೆ ಅವನ ತಲೆಯ ಆಚೀಚೆ ಓಲಾಟ ಕಡಿಮೆಯಾಗುತ್ತ ಬಂತು, ಒಂದೇ ದೊಡ್ಡ ಪೆಟ್ಟಿಗೆ ಕಾಯುವ ಚಟ ಹೆಚ್ಚಿತು. 1990ರ ಫೆಬ್ರವರಿಯಲ್ಲಿ ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್ ಕೈಯಲ್ಲಿ ಸೋತದ್ದು ಆ ಟೈಸನ್.

ಬೇರೆ ಬೇರೆ ಕಾಲದ ಚಾಂಪಿಯನ್ನರು ನಿಜವಾಗಿಯೇ ಎದುರಾದ ಪ್ರಸಂಗಗಳು ಇತಿಹಾಸದಲ್ಲಿ ಬೇಕಾದಷ್ಟಿವೆ. ದುರದೃಷ್ಟಕ್ಕೆ ಅವು ನಮಗೆ ಹೆಚ್ಚೇನೂ ಹೇಳುವುದಿಲ್ಲ. ನಿವೃತ್ತನಾಗಿ ಐದಾರು ವರ್ಷ ಕಳೆದ ಮೇಲೆ ಹಳೆಯ ಚಾಂಪಿಯನ್ ಜಿಮ್ ಜೆಫ್ರೀಸ್ 1910ರಲ್ಲಿ ರೀನೋದಲ್ಲಿ ಜ್ಯಾಕ್ ಜಾನ್ಸನ್ ಎದುರು ಬಂದು ಸೋತ. 37ರ ಜೋ ಲೂಯಿ 1951ರಲ್ಲಿ ರಾಕಿ ಮಾರ್ಸಿಯಾನೊ ಕೈಯಲ್ಲಿ ಎಂಟನೇ ರೌಂಡಿಗೆ ಬಿದ್ದ. 38ರ ಹೋಮ್ಸ್ 1988ರಲ್ಲಿ ಟೈಸನ್ ಎದುರು ನಾಲ್ಕನೇ ರೌಂಡಿಗೆ ಮುಗಿದ. ಮೂರರಲ್ಲೂ ಗೆದ್ದದ್ದು ವಯಸ್ಸಿನ ಅಂತರ, ಇಲ್ಲವೇ ಆಟ ಬಿಟ್ಟಿದ್ದ ಅಂತರ. "ಮಾರ್ಸಿಯಾನೊ ಲೂಯಿಯನ್ನು ಹೊಡೆದಿದ್ದಾನಲ್ಲ" ಎಂದು ಯಾರಾದರೂ ಪಟ್ಟು ಹಿಡಿದರೆ ಆ ರಾತ್ರಿಯ ಲೂಯಿಯ ವಯಸ್ಸು ಕೇಳಿ, ಸಾಕು. ಇದಕ್ಕೆ ಹೊರತಾದವನು ಫೋರ್‌ಮನ್. 1994ರ ನವೆಂಬರ್ 5ರಂದು, 45ರ ವಯಸ್ಸಿನಲ್ಲಿ, ಪಾಯಿಂಟ್‌ಗಳಲ್ಲಿ ಹಿಂದೆ ಬಿದ್ದಿದ್ದವನು ಹತ್ತನೇ ರೌಂಡಿನಲ್ಲಿ ಬಲಗೈ ಬೀಸಿ ಮೈಕಲ್ ಮೂರರ್‌ನನ್ನು ಕೆಡವಿದ. ವಯಸ್ಸಾದರೆ ಮೊದಲು ಹೋಗುವುದು ಕಾಲು, ಆಮೇಲೆ ಕೈಯ ವೇಗ. ಗುದ್ದಿನ ಭಾರ ಕಟ್ಟಕಡೆಗೆ ಹೋಗುವಂಥದ್ದು.

ಪ್ರದರ್ಶನ ಪಂದ್ಯಗಳನ್ನಂತೂ ಸಾಕ್ಷಿಯಾಗಿ ತರಲೇಬೇಡಿ. 1980ರಲ್ಲಿ ದೆಹಲಿಯಲ್ಲಿ ಅಲಿಯ ಜೊತೆ ನಮ್ಮ ಕೌರ್ ಸಿಂಗ್ ನಾಲ್ಕು ರೌಂಡ್ ಆಡಿದ್ದರು. ಹೆಮ್ಮೆಪಡುವ ಸಂಗತಿಯೇ, ಆದರೆ ಅದರಿಂದ ಅಲಿಯ ಶಕ್ತಿಯನ್ನಾಗಲಿ ಕೌರ್ ಸಿಂಗರ ಶಕ್ತಿಯನ್ನಾಗಲಿ ಅಳೆಯಲಾಗದು.

ಹದಿಮೂರನೇ ರೌಂಡ್ ಇಲ್ಲದಿದ್ದರೆ

ನಿಯಮಗಳಲ್ಲಿ ಫಲಿತಾಂಶವನ್ನು ಅತಿ ಹೆಚ್ಚು ಬದಲಿಸುವುದು ರೌಂಡ್‌ಗಳ ಸಂಖ್ಯೆ. ಚಾಂಪಿಯನ್ ಪಟ್ಟದ ಪಂದ್ಯಗಳು ದಶಕಗಳ ಕಾಲ 15 ರೌಂಡ್ ಇದ್ದವು. 1982ರ ನವೆಂಬರಿನಲ್ಲಿ ಮ್ಯಾನ್ಸಿನಿ ಜೊತೆಗಿನ ಲೈಟ್‌ವೇಟ್ ಪಂದ್ಯದ 14ನೇ ರೌಂಡಿನಲ್ಲಿ ಬಿದ್ದ ಕೊರಿಯಾದ ಕಿಮ್ ಡುಕ್ ಕೂ ತೀರಿಕೊಂಡ ಬಳಿಕ ಒಂದೊಂದೇ ಸಂಸ್ಥೆ 12ಕ್ಕೆ ಇಳಿಸಿತು. ಮೂರು ರೌಂಡ್ ತಾನೇ, ಒಂಬತ್ತು ನಿಮಿಷ ತಾನೇ ಎನ್ನಬೇಡಿ.

1952ರ ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯಾದಲ್ಲಿ ಜರ್ಸಿ ಜೋ ವಾಲ್ಕಾಟ್ ಎದುರು 12 ರೌಂಡ್ ಮುಗಿದಾಗ ಮಾರ್ಸಿಯಾನೊ ಮೂವರು ತೀರ್ಪುಗಾರರ ಎಣಿಕೆಯಲ್ಲೂ ಹಿಂದಿದ್ದ. 13ನೇ ರೌಂಡಿನಲ್ಲಿ ಬಿದ್ದ ಒಂದು ಮೋಟು ಬಲಗೈ ಪೆಟ್ಟು ಅವನನ್ನು ಚಾಂಪಿಯನ್ ಮಾಡಿತು. 49 ಪಂದ್ಯ, 49 ಗೆಲುವು ಎಂಬ ಆ ಪ್ರಸಿದ್ಧ ಅಂಕಿ ಇಂದಿನ ನಿಯಮದಲ್ಲಿ ಅಲ್ಲೇ ಮುರಿಯುತ್ತಿತ್ತು. 1941ರಲ್ಲಿ ಬಿಲ್ಲಿ ಕಾನ್ 12 ರೌಂಡ್‌ಗಳ ಕೊನೆಗೆ ಜೋ ಲೂಯಿಗಿಂತ ಮುಂದಿದ್ದ, ನಾಕೌಟ್ ಆದದ್ದು 13ರಲ್ಲಿ. 1978ರ ಜೂನ್‌ನಲ್ಲಿ ಹೋಮ್ಸ್ ಮತ್ತು ಕೆನ್ ನಾರ್ಟನ್ 14 ರೌಂಡ್ ಆದರೂ ಸಮಸಮವಾಗಿದ್ದು, ಪಟ್ಟ ನಿರ್ಧಾರವಾದದ್ದು 15ನೆಯದರಲ್ಲಿ. ಈ ಮೂರು ಪಂದ್ಯಗಳನ್ನು 12ಕ್ಕೆ ಕತ್ತರಿಸಿದರೆ ಹೆವಿವೇಟ್ ಚರಿತ್ರೆಯ ದೊಡ್ಡ ಹೆಸರುಗಳ ಸಾಲೇ ಬೇರೆಯಾಗುತ್ತದೆ. ಹಾಗಾಗಿ ಒತ್ತಡ ಹಾಕಿ ದಣಿಸುವವನಿಗೆ 15, ವೇಗವಾಗಿ ಪಾಯಿಂಟ್ ಕದಿಯುವವನಿಗೆ 12 ಅನುಕೂಲ.

ಹಿಂದಿನ ಅಂಕಿ ನೋಡುವಾಗ ಇನ್ನೊಂದು ಎಚ್ಚರ ಬೇಕು. ಜಾನ್ ಸುಲಿವನ್ 1889ರಲ್ಲಿ ಬರಿಗೈಯಲ್ಲಿ ಜೇಕ್ ಕಿಲ್ರೇನ್ ಜೊತೆ 75 ರೌಂಡ್ ಹೋರಾಡಿದ ಎಂಬುದನ್ನು ಕೇಳಿ ಕಣ್ಣರಳಿಸುವವರಿದ್ದಾರೆ. ಆಗಿನ ಬರಿಗೈ ನಿಯಮದಲ್ಲಿ ಯಾರಾದರೂ ನೆಲಕ್ಕೆ ಬಿದ್ದರೆ ರೌಂಡ್ ಮುಗಿದಂತೆ. ತಳ್ಳಿಸಿಕೊಂಡು ಬಿದ್ದರೂ ಸರಿ, ಎಂಟು ಸೆಕೆಂಡಿಗೆ ಬಿದ್ದರೂ ಸರಿ. ಮೂರು ನಿಮಿಷದ ರೌಂಡ್, ಒಂದು ನಿಮಿಷದ ವಿಶ್ರಾಂತಿ, ಹತ್ತರ ಎಣಿಕೆ, ಕೈಗೆ ಗ್ಲೌಸ್ ಎಂಬ 1867ರ ಕ್ವೀನ್ಸ್‌ಬೆರಿ ನಿಯಮದಡಿ ಅದೇ ಸುಲಿವನ್ 1892ರಲ್ಲಿ ಜಿಮ್ ಕಾರ್ಬೆಟ್ ಎದುರು ನಿಂತಾಗ 21 ರೌಂಡ್‌ಗಳಲ್ಲಿ ಸೋತ.

ಬಿದ್ದವನ ಪಕ್ಕದಲ್ಲೇ ನಿಲ್ಲಬಹುದೇ ಎಂಬುದು ಮತ್ತೊಂದು ದೊಡ್ಡ ವ್ಯತ್ಯಾಸ. 1919ರ ಜುಲೈ 4ರಂದು ಟೊಲಿಡೊದಲ್ಲಿ ಜ್ಯಾಕ್ ಡೆಂಪ್ಸಿ ತನಗಿಂತ 26 ಕಿಲೋ ಹೆಚ್ಚಿದ್ದ ವಿಲ್ಲರ್ಡ್‌ನನ್ನು ಮೊದಲ ರೌಂಡಿನಲ್ಲೇ ಏಳು ಸಲ ಕೆಡವಿದ. ಆಗ ಅವನು ಬಿದ್ದವನ ಪಕ್ಕದಲ್ಲೇ ನಿಂತಿದ್ದು, ಮೊಣಕಾಲು ನೆಲ ಬಿಟ್ಟ ಕೂಡಲೇ ಮತ್ತೆ ಗುದ್ದಬಹುದಿತ್ತು. 1927ರ ಹೊತ್ತಿಗೆ ಕೆಡವಿದವನು ದೂರದ ಮೂಲೆಗೆ ಹೋಗಬೇಕೆಂಬ ನಿಯಮ ಬಂದಿತ್ತು. ಶಿಕಾಗೋದಲ್ಲಿ ಜೀನ್ ಟನ್ನಿ ಬಿದ್ದಾಗ ಡೆಂಪ್ಸಿ ಹಳೆಯ ಅಭ್ಯಾಸದಂತೆ ಅಲ್ಲೇ ನಿಂತ, ರೆಫ್ರಿ ಎಣಿಕೆ ತಡವಾಗಿ ಆರಂಭಿಸಿದ, ಟನ್ನಿಗೆ ಸುಮಾರು 14 ಸೆಕೆಂಡ್ ಸಿಕ್ಕಿತು, ಎದ್ದ, ಗೆದ್ದ. ಡೆಂಪ್ಸಿಯನ್ನು ಇಂದಿನ ರಿಂಗಿಗೆ ತಂದರೆ ಅವನ ಅರ್ಧ ಆಯುಧ ಹೊರಗೇ ಉಳಿಯುತ್ತದೆ. ಇದರ ಉಲ್ಟಾವೂ ಇದೆ. ಒಂದೇ ರೌಂಡಿನಲ್ಲಿ ಮೂರು ಸಲ ಬಿದ್ದರೆ ಪಂದ್ಯ ಮುಗಿಯಿತು ಎಂಬ ನಿಯಮ ಇಟ್ಟರೆ ವಿಲ್ಲರ್ಡ್ ಪಂದ್ಯ ಮೊದಲ ರೌಂಡಿನಲ್ಲೇ ಮುಗಿಯುತ್ತಿತ್ತು.

ಗ್ಲೌಸಿನ ವಿಷಯ ಚಿಕ್ಕದು, ಆದರೆ ತಪ್ಪಾಗಿ ತಿಳಿಯುವವರು ಬಹಳ. ಕಾರ್ಬೆಟ್–ಸುಲಿವನ್ ಕಾಲದ ಗ್ಲೌಸ್ 5 ಔನ್ಸ್, ಅಂದರೆ ಸುಮಾರು 142 ಗ್ರಾಂ. ಇಂದಿನ ಹೆವಿವೇಟ್ ಗ್ಲೌಸ್ 10 ಔನ್ಸ್, ಸುಮಾರು 283 ಗ್ರಾಂ. ತೆಳು ಗ್ಲೌಸ್ ಚರ್ಮ ಸೀಳುತ್ತದೆ, ಹೊಡೆದವನ ಬೆರಳ ಗಂಟನ್ನೂ ಮುರಿಯುತ್ತದೆ. ಆದ್ದರಿಂದಲೇ ಹಳಬರು ತಲೆಬುರುಡೆಗೆ ಬೇಕಾಬಿಟ್ಟಿ ಹೊಡೆಯದೆ ಹೊಟ್ಟೆ, ಪಕ್ಕೆ, ದವಡೆ ಆರಿಸಿಕೊಳ್ಳುತ್ತಿದ್ದರು. ದಪ್ಪ ಗ್ಲೌಸ್ ಬಂದ ಮೇಲೆ ಕೈಗೆ ರಕ್ಷಣೆ ಸಿಕ್ಕಿತು, ತಲೆಗೆ ಬೀಳುವ ಪೆಟ್ಟಿನ ಸಂಖ್ಯೆ ಏರಿತು. ಜೊತೆಗೆ ದಪ್ಪ ಗ್ಲೌಸನ್ನು ಮುಖಕ್ಕೆ ಅಡ್ಡ ಹಿಡಿದರೆ ಅದೇ ಗುರಾಣಿ. 5 ಔನ್ಸಿನಲ್ಲಿ ಆ ರಕ್ಷಣೆ ತೂತಾಗುತ್ತದೆ, ಮುಂಗೈಯಿಂದ ತಡೆಯಬೇಕು, ಇಲ್ಲವೇ ತಲೆ ಸರಿಸಬೇಕು.

ಅಳತೆ, ತೂಕ ಮತ್ತು ಒಂದು ಗೇಣು

ಹೆವಿವೇಟ್‌ಗೆ ಮೇಲಿನ ಮಿತಿ ಇಲ್ಲ, ಕೆಳಗಿನ ಮಿತಿ ಮಾತ್ರ ಇದೆ. ಇಂದು ಸಾಮಾನ್ಯವಾಗಿ ಅದು 200 ಪೌಂಡ್, ಅಂದರೆ 90.7 ಕಿಲೋ. ಡೆಂಪ್ಸಿ ವಿಲ್ಲರ್ಡ್ ಎದುರು ಸುಮಾರು 85 ಕಿಲೋ ಇದ್ದ, ಮಾರ್ಸಿಯಾನೊ ಸುಮಾರು 84. ಇಬ್ಬರೂ ಇಂದು ಕ್ರೂಸರ್‌ವೇಟ್ ಎಂಬ ಕೆಳಗಿನ ವರ್ಗದಲ್ಲಿ ಆಡುತ್ತಿದ್ದರು. 1966ರ ಅಲಿ 96, 1974ರ ಫೋರ್‌ಮನ್ ಮತ್ತು 1988ರ ಟೈಸನ್ ಹತ್ತಿರ ಹತ್ತಿರ 100. ಲೆನಾಕ್ಸ್ ಲೂಯಿಸ್ 2002ರಲ್ಲಿ 113 ದಾಟಿದ್ದ. 2020ರಲ್ಲಿ ವೈಲ್ಡರ್‌ನನ್ನು ಕೆಡವಿದ ಟೈಸನ್ ಫ್ಯೂರಿ ಸುಮಾರು 124.

ಕೈಚಾಚಿನ ಅಂಕಿಯನ್ನು ಜನ ಓದುವುದೇ ತಪ್ಪಾಗಿ. ಎರಡೂ ಕೈ ಅಗಲಿಸಿ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಅಳೆದದ್ದು ಅದು. ಎದೆಯಗಲವೂ ಅದರೊಳಗಿದೆ. ಮಾರ್ಸಿಯಾನೊ 68 ಅಂಗುಲ, ಫ್ಯೂರಿ 85 ಅಂಗುಲ ಎಂದಾಗ ವ್ಯತ್ಯಾಸ 17 ಅಂಗುಲ, 43 ಸೆಂಟಿಮೀಟರ್. ಹೆಗಲ ಅಗಲದ ವ್ಯತ್ಯಾಸ ಕಳೆದು ಎರಡರಿಂದ ಭಾಗಿಸಿದರೆ ಒಂದು ಕೈಗೆ ಉಳಿಯುವುದು ಸರಿಸುಮಾರು 18 ಸೆಂಟಿಮೀಟರ್, ಒಂದು ಗೇಣಿಗಿಂತ ಸ್ವಲ್ಪ ಕಡಿಮೆ.

ಈ ಗೇಣು ಎಷ್ಟು ದೊಡ್ಡದು ಎಂದು ತಿಳಿಯಲು ಕಾರವಾರದವರಿಗೆ ಟ್ಯಾಗೋರ್ ಕಡಲತೀರವೇ ಸಾಕು. ಇಳಿತದ ಹೊತ್ತಿನಲ್ಲಿ, ಒದ್ದೆಯಾಗಿ ಗಟ್ಟಿಯಾದ ಮರಳಿನ ಮೇಲೆ 20 ಅಡಿ ಚದರದ ಗೆರೆ ಎಳೆಯಿರಿ. ಒಣ ಮರಳಿನಲ್ಲಿ ಕಾಲು ಹೂತು ಲೆಕ್ಕ ತಪ್ಪುತ್ತದೆ. ಒಂದು ಬದಿ 6.1 ಮೀಟರ್, ಮೂಲೆಯಿಂದ ಮೂಲೆಗೆ 8.6 ಮೀಟರ್. ನಿಂತು ನೋಡಿದ ಕೂಡಲೇ ಗೊತ್ತಾಗುತ್ತದೆ, ಓಡಲು ಇಲ್ಲಿ ಜಾಗವೇ ಇಲ್ಲ. ಹತ್ತಿರ ಹತ್ತಿರ ಒಂದೇ ಎತ್ತರದ ಇಬ್ಬರು ನಿಲ್ಲಲಿ. ಒಬ್ಬನ ಮುಂಗೈಗೆ 18 ಸೆಂಟಿಮೀಟರ್ ಹೊರಚಾಚುವಂತೆ ಸುರುಳಿ ಸುತ್ತಿದ ಪತ್ರಿಕೆ ಕೊಡಿ, ಕೋಲು ಬೇಡ, ಕಣ್ಣಿಗೆ ಅಪಾಯ. ಪತ್ರಿಕೆ ಹಿಡಿದವನು ಎದುರಿನವನ ಎದೆ ಮುಟ್ಟಬೇಕು, ಬರಿಗೈಯವನು ಅವನ ಎದೆ ಮುಟ್ಟಬೇಕು, ಹೊಡೆಯುವಂತಿಲ್ಲ.

ಮೊದಲ ಕೆಲವು ಸಲ ಬರಿಗೈಯವನು ಮಾಡುವ ತಪ್ಪು ಒಂದೇ. ಕಾಲು ಹಿಂದೆಯೇ ಬಿಟ್ಟು ತಲೆ ಮುಂದೆ ಚಾಚುತ್ತಾನೆ. ನಿಜವಾದ ರಿಂಗಿನಲ್ಲಿ ಅಲ್ಲಿ ಕೆಳಗಿನಿಂದ ಮೇಲೇರುವ ಅಪ್ಪರ್‌ಕಟ್ ಪೆಟ್ಟು ಕಾದಿರುತ್ತದೆ. ಎರಡನೆಯ ತಪ್ಪು, ನೇರವಾಗಿ ಒಂದೇ ಗೆರೆಯಲ್ಲಿ ನುಗ್ಗುವುದು. ಸರಿಯಾದ ದಾರಿ ಎಂದರೆ ಎದುರಾಳಿಯ ಕೈ ಹೊರಟ ಕ್ಷಣದಲ್ಲೇ ತಲೆಯನ್ನು ಆ ಕೈಯ ಹೊರಬದಿಗೆ ಜಾರಿಸಿ, ಅದೇ ಹೊತ್ತಿಗೆ ಮುಂಗಾಲು ಅರ್ಧ ಹೆಜ್ಜೆ ಒಳಗಿಡುವುದು. ಎಡಗೈಯನ್ನು ತಪ್ಪಿಸಿ ಒಳಬಂದವನಿಗೆ ಬಲಗೈಯ ಎದುರು ನಿಲ್ಲುವ ಸರದಿ ಬರುತ್ತದೆ, ಅದನ್ನೂ ತಪ್ಪಿಸಬೇಕು. 1985ರಲ್ಲಿ ಬ್ರಿಟನ್ನಿನ ಸಂಶೋಧಕರು ಫ್ರಾಂಕ್ ಬ್ರೂನೊನ ಗುದ್ದು ಅಳೆದಾಗ ಮುಷ್ಟಿಯ ವೇಗ ಸೆಕೆಂಡಿಗೆ 8.9 ಮೀಟರ್ ಇತ್ತು, ಹೊರಟು ತಾಗಲು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕಾಗಿತ್ತು. ಕಣ್ಣಿಗೆ ಕಂಡದ್ದಕ್ಕೆ ಮೈ ಪ್ರತಿಕ್ರಿಯಿಸಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಹಾಗಾಗಿ ಒಳನುಗ್ಗುವವನು ಕೈ ನೋಡುವುದಿಲ್ಲ, ಹೆಗಲು ನೋಡಿ ಊಹಿಸುತ್ತಾನೆ. ಊಹೆ ತಪ್ಪಿದರೆ ಪೆಟ್ಟು. 12 ರೌಂಡ್‌ಗಳಲ್ಲಿ ಫ್ಯೂರಿ ಎದುರು ಮಾರ್ಸಿಯಾನೊ ಆ ಗೇಣನ್ನು ನೂರಾರು ಸಲ ದಾಟಬೇಕು.

ದಾಟಿದ ಮೇಲೂ ಕಷ್ಟ ಮುಗಿಯಲಿಲ್ಲ. ದೊಡ್ಡವನ ತೂಕದ ನಿಜವಾದ ಉಪಯೋಗ ಗುದ್ದಿಗಿಂತ ಹೆಚ್ಚಾಗಿ ತಬ್ಬುವುದರಲ್ಲಿ. ಒಳಬಂದವನ ಕುತ್ತಿಗೆಯ ಮೇಲೆ ಮುಂಗೈ ಹಾಕಿ ಮೈಭಾರ ಬಿಟ್ಟರೆ ಸಣ್ಣವನ ಬೆನ್ನು ಮತ್ತು ತೊಡೆ ದಣಿಯುತ್ತವೆ. ರೆಫ್ರಿ ಬಿಡಿಸುವ ಹೊತ್ತಿಗೆ ಅವನು ಮತ್ತೆ ಗೇಣಿನಾಚೆ. ಜ್ಯಾಬ್ ಎಂಬ ಮುಂದಿನ ಕೈಯ ನೇರ ಚುಟುಕು ಪೆಟ್ಟು ಕೊಟ್ಟು ತಬ್ಬುವುದನ್ನು ವ್ಲಾದಿಮಿರ್ ಕ್ಲಿಚ್ಕೊ ವರ್ಷಗಟ್ಟಲೆ ಮಾಡಿದ. ನೋಡಲು ಬೇಸರದ ಬಾಕ್ಸಿಂಗ್, ಆದರೆ ಗೆಲ್ಲುವ ಬಾಕ್ಸಿಂಗ್.

ಹಾಗಂತ ದೊಡ್ಡವನೇ ಗೆಲ್ಲುತ್ತಾನೆ ಎನ್ನುವುದೂ ಸುಳ್ಳು. 2009ರಲ್ಲಿ ಏಳಡಿಯ, 143 ಕಿಲೋದ ನಿಕೊಲಾಯ್ ವಾಲುಯೆವ್‌ನನ್ನು 98 ಕಿಲೋದ ಡೇವಿಡ್ ಹೇ ಪಾಯಿಂಟ್‌ಗಳಲ್ಲಿ ಸೋಲಿಸಿದ. 2024ರಲ್ಲಿ ಓಲೆಕ್ಸಾಂಡರ್ ಉಸಿಕ್ ಫ್ಯೂರಿಯನ್ನು ಎರಡು ಸಲ ಸೋಲಿಸಿದ. ಸಣ್ಣವನು ಗೆದ್ದ ಈ ಪಂದ್ಯಗಳಲ್ಲಿ ಅವನ ಕಾಲು ಒಂದೆಡೆ ನಿಂತಿರಲಿಲ್ಲ, ತಬ್ಬುವ ಅವಕಾಶ ದೊಡ್ಡವನಿಗೆ ಕಡಿಮೆ ಸಿಕ್ಕಿತು. ಉಸಿಕ್‌ನದು ಅಲಿಯಷ್ಟೇ ಮೈಕಟ್ಟು, 6 ಅಡಿ 3 ಅಂಗುಲ ಎತ್ತರ, 78 ಅಂಗುಲ ಕೈಚಾಚು. 60ರ ದಶಕದ ಅಲಿಯನ್ನು ಇಂದಿನವರ ಎದುರು "ಸಣ್ಣವನು" ಎಂದು ತಳ್ಳಿಹಾಕುವವರು ಇದನ್ನು ಗಮನಿಸಬೇಕು.

ಹಳೆಯ ಚಿತ್ರ ನೋಡಿ ವೇಗ ಅಳೆಯುವವರಿಗೊಂದು ಮಾತು. ಮೂಕಿ ಕಾಲದ ಚಿತ್ರಗಳನ್ನು ಸೆಕೆಂಡಿಗೆ 16ರ ಆಸುಪಾಸು ಚೌಕಟ್ಟಿನಂತೆ ತೆಗೆಯುತ್ತಿದ್ದರು, ಆಮೇಲೆ 24ರಂತೆ ಓಡಿಸಿದರೆ ಎಲ್ಲರೂ ಒಂದೂವರೆ ಪಟ್ಟು ವೇಗದಲ್ಲಿ ಕುಣಿದಂತೆ ಕಾಣುತ್ತದೆ. ಕತ್ತರಿಸದ ಒಂದು ರೌಂಡ್ ಹಿಡಿದು ಗಡಿಯಾರ ನೋಡಿ. 180 ಸೆಕೆಂಡ್ ಇರಬೇಕಾದ್ದು 120ಕ್ಕೆ ಮುಗಿದರೆ ವೇಗವನ್ನು ಮೂರನೇ ಎರಡಕ್ಕೆ ಇಳಿಸಿ ಮತ್ತೆ ನೋಡಿ. ಡೆಂಪ್ಸಿ ಆಗ ಗೊಂಬೆಯಂತೆ ಕಾಣುವುದಿಲ್ಲ, ಅವನ ಮೈ ಓಲಾಟದ ಲಯ ಕಾಣುತ್ತದೆ.

ಗೆದ್ದವನನ್ನು ಗೆದ್ದವನು

"ಎ ಬಿಯನ್ನು ಸೋಲಿಸಿದ, ಬಿ ಸಿಯನ್ನು ಸೋಲಿಸಿದ, ಆದ್ದರಿಂದ ಎ ಸಿಯನ್ನು ಸೋಲಿಸುತ್ತಾನೆ" ಎಂಬ ಲೆಕ್ಕ ಬಾಕ್ಸಿಂಗಿನಲ್ಲಿ ನಡೆಯುವುದಿಲ್ಲ ಎಂಬುದಕ್ಕೆ 1970ರ ದಶಕದಷ್ಟು ಚೊಕ್ಕ ಪುರಾವೆ ಬೇರೆ ಇಲ್ಲ. 1971ರ ಮಾರ್ಚ್ 8ರಂದು ಜೋ ಫ್ರೇಜರ್ ಅಲಿಯನ್ನು 15 ರೌಂಡ್‌ಗಳಲ್ಲಿ ಸೋಲಿಸಿದ. 1973ರ ಜನವರಿಯಲ್ಲಿ ಕಿಂಗ್‌ಸ್ಟನ್‌ನಲ್ಲಿ ಫೋರ್‌ಮನ್ ಅದೇ ಫ್ರೇಜರ್‌ನನ್ನು ಎರಡೇ ರೌಂಡ್‌ಗಳಲ್ಲಿ ಆರು ಸಲ ಕೆಡವಿದ. ಅಲಿಯ ದವಡೆ ಮುರಿದು ಗೆದ್ದ ನಾರ್ಟನ್‌ನನ್ನೂ ಫೋರ್‌ಮನ್ ಎರಡು ರೌಂಡ್‌ಗಳಲ್ಲಿ ಮುಗಿಸಿದ. ಲೆಕ್ಕದ ಪ್ರಕಾರ ಅಲಿ ಕಿನ್ಶಾಸಾದಲ್ಲಿ ಆಸ್ಪತ್ರೆ ಸೇರಬೇಕಿತ್ತು. ಗೆದ್ದದ್ದು ಅಲಿ.

ಕಾರಣ ಹುಡುಕಿದರೆ ಸಿಗುತ್ತದೆ. ಫ್ರೇಜರ್ ಬಗ್ಗಿ, ಓಲಾಡುತ್ತಾ, ಅಲಿಯ ಜ್ಯಾಬ್ ಅಡಿಯಿಂದ ಒಳಬರುವವನು, ಅದು ಅಲಿಗೆ ಕಷ್ಟ. ಅದೇ ಬಗ್ಗುವ ಕ್ರಮ ಫೋರ್‌ಮನ್‌ನ ಕೆಳಗಿನಿಂದ ಮೇಲೇರುವ ಪೆಟ್ಟಿಗೆ ನೇರ ಎದುರಾಗುತ್ತದೆ. ಫೋರ್‌ಮನ್ ಅಗಲವಾಗಿ ಬೀಸುತ್ತಾನೆ, ಬೇಗ ದಣಿಯುತ್ತಾನೆ. ಹಗ್ಗಕ್ಕೆ ಒರಗಿ ಪೆಟ್ಟನ್ನು ಮುಂಗೈ ಮೇಲೆ ತೆಗೆದುಕೊಳ್ಳಬಲ್ಲ ಅಲಿಗೆ ಅದೇ ಬೇಕಿತ್ತು. ಇದನ್ನು ಬಿಟ್ಟು ಬರೀ "ಯಾರು ದೊಡ್ಡವರು" ಎಂಬ ಸಾಲು ನಿಲ್ಲಿಸಿದರೆ ಕಾಲ್ಪನಿಕ ಪಂದ್ಯಕ್ಕೆ ಅದು ಉಪಯೋಗಕ್ಕೆ ಬರದು.

ಚೆಸ್‌ನಿಂದ ಬಂದ ಎಲೋ ಅಂಕಪದ್ಧತಿಯನ್ನು ಬಾಕ್ಸಿಂಗಿಗೆ ಹಚ್ಚುವವರಿದ್ದಾರೆ. ಅದರಲ್ಲಿ 100 ಅಂಕದ ಅಂತರ ಎಂದರೆ ಮೇಲಿನವನ ಗೆಲುವಿನ ಸಾಧ್ಯತೆ ನೂರಕ್ಕೆ 64, ಅಂತರ 200 ಆದರೆ 76. ಒಂದೇ ಕಾಲದವರ ನಡುವೆ ಇದು ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ಕಾಲ ದಾಟುವಾಗ ಕೊಂಡಿ ಸವೆದಿರುತ್ತದೆ. ಮಾರ್ಸಿಯಾನೊ ಮತ್ತು ಅಲಿಯ ನಡುವಿನ ಪ್ರಮುಖ ಕೊಂಡಿ ಆರ್ಚಿ ಮೂರ್. ಮಾರ್ಸಿಯಾನೊ 1955ರಲ್ಲಿ ಅವನನ್ನು ಒಂಬತ್ತನೇ ರೌಂಡಿನಲ್ಲಿ ಕೆಡವಿದ, ಆಗಿನ್ನೂ ಕ್ಯಾಸಿಯಸ್ ಕ್ಲೇ ಎಂಬ ಹೆಸರಿದ್ದ ಅಲಿ 1962ರಲ್ಲಿ ನಾಲ್ಕನೇ ರೌಂಡಿನಲ್ಲಿ. ನಾಲ್ಕು ಒಂಬತ್ತಕ್ಕಿಂತ ಚಿಕ್ಕದು, ಆದ್ದರಿಂದ ಅಲಿ ಮೇಲು ಎನ್ನುವ ಮೊದಲು ನಡುವಿನ ಏಳು ವರ್ಷ ನೆನಪಿಡಿ. ಎರಡನೆಯ ಸಲ ಮೂರ್ 45 ದಾಟಿದ ಮುದುಕ.

ಇನ್ನು ಕಂಪ್ಯೂಟರ್. 1970ರ ಜನವರಿ 20ರಂದು ಅಮೆರಿಕದ ಚಿತ್ರಮಂದಿರಗಳಲ್ಲಿ ಮಾರ್ಸಿಯಾನೊ–ಅಲಿ "ಪಂದ್ಯ" ತೋರಿಸಿದರು. ನಿರ್ಮಾಪಕ ಮರ್ರಿ ವೊರೋನರ್ 1967ರಲ್ಲಿ ರೇಡಿಯೊಗೆ ನಡೆಸಿದ್ದ ಕಂಪ್ಯೂಟರ್ ಪಂದ್ಯಾವಳಿಯಲ್ಲಿ ಅಲಿ ಜೆಫ್ರೀಸ್‌ಗೆ ಸೋತಿದ್ದ. ಅಲಿ ಹತ್ತು ಲಕ್ಷ ಡಾಲರಿನ ದಾವೆ ಹೂಡಿದ, ರಾಜಿಯಾಗಿ ಈ ಚಿತ್ರಕ್ಕೆ ಒಪ್ಪಿದ. ಇಬ್ಬರೂ ಚಿತ್ರೀಕರಣಕ್ಕಾಗಿ ಒಂದೊಂದು ನಿಮಿಷದ ಎಪ್ಪತ್ತರಷ್ಟು ರೌಂಡ್ ಆಡಿದರು, ನಿವೃತ್ತ ಮಾರ್ಸಿಯಾನೊ ತೂಕ ಇಳಿಸಿ ಟೋಪನ್ ಹಾಕಿಕೊಂಡು ಬಂದ, ಮುಕ್ತಾಯಗಳನ್ನೂ ಹಲವು ರೀತಿ ಚಿತ್ರಿಸಿಟ್ಟುಕೊಂಡರು. ಎನ್‌ಸಿಆರ್ 315 ಎಂಬ ಯಂತ್ರ ಕೊಟ್ಟ ಉತ್ತರ 13ನೇ ರೌಂಡಿನಲ್ಲಿ ಮಾರ್ಸಿಯಾನೊಗೆ ನಾಕೌಟ್ ಗೆಲುವು. ಅದನ್ನು ನೋಡಲು ಮಾರ್ಸಿಯಾನೊ ಇರಲಿಲ್ಲ, 1969ರ ಆಗಸ್ಟ್ 31ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ. ಯಂತ್ರಕ್ಕೆ ಉಣಿಸಿದ್ದು ಬಾಕ್ಸಿಂಗ್ ಬಲ್ಲವರು ಕೊಟ್ಟ ಅಂಕಗಳನ್ನು. ಅಂಕ ಕೊಟ್ಟವರ ಒಲವೇ ಹೊರಬಂತು ಎಂದರೆ ತಪ್ಪಾಗದು. ಇಂದಿನ ವಿಡಿಯೊ ಗೇಮ್‌ಗಳದ್ದೂ ಇದೇ ಹಣೆಬರಹ, ಚಿತ್ರ ಮಾತ್ರ ಚೆನ್ನಾಗಿದೆ.

ಈಗ ಅಲಿ–ಟೈಸನ್

1966ರ ನವೆಂಬರಿನ ಅಲಿ, 1988ರ ಜೂನಿನ ಟೈಸನ್. 20 ಅಡಿ ರಿಂಗ್, 10 ಔನ್ಸ್ ಗ್ಲೌಸ್, 12 ರೌಂಡ್. ತೂಕದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಕೈಚಾಚು 78 ಅಂಗುಲ ಮತ್ತು 71.

ಟೈಸನ್ ಕೈ ಎರಡನ್ನೂ ಕೆನ್ನೆಗೆ ಅಂಟಿಸಿ, ತಲೆ ಆಚೀಚೆ ಸರಿಸುತ್ತಾ ಒಳಬಂದು, ಪಕ್ಕೆಗೊಂದು ಹುಕ್, ಅಂದರೆ ಮಡಚಿದ ಕೈಯ ಬದಿಪೆಟ್ಟು, ಕೊಟ್ಟು ಅದೇ ಕೈಯಿಂದ ಅಪ್ಪರ್‌ಕಟ್ ಎತ್ತುತ್ತಾನೆ. ಅವನನ್ನು ಕಾಡಿದವರು ಎರಡು ಬಗೆ. 1987ರಲ್ಲಿ ಜೇಮ್ಸ್ ಸ್ಮಿತ್ 12 ರೌಂಡ್ ತಬ್ಬಿಕೊಂಡೇ ಉಳಿದ, ಸೋತ, ಆದರೆ ನಿಂತಿದ್ದ. 83 ಅಂಗುಲ ಕೈಚಾಚಿನ ಡಗ್ಲಸ್ ಜ್ಯಾಬ್ ಬಿಡದೆ ಹೊಡೆದು ಗೆದ್ದ. ಅಲಿಗೆ ಜ್ಯಾಬ್ ಇದೆ, ತಬ್ಬುವ ಕಲೆಯೂ ಇದೆ, ಜೊತೆಗೆ ಡಗ್ಲಸ್‌ಗೆ ಇಲ್ಲದ ಕಾಲು ಇದೆ.

ಅಲಿಯ ದೋಷವೂ ಚೆನ್ನಾಗಿ ದಾಖಲಾಗಿದೆ. ಕೈ ಕೆಳಗಿಟ್ಟುಕೊಂಡು, ಪೆಟ್ಟು ಬಂದಾಗ ಬದಿಗೆ ಸರಿಯದೆ ನೇರ ಹಿಂದಕ್ಕೆ ವಾಲುವುದು ಅವನ ಅಭ್ಯಾಸ. 1962ರಲ್ಲಿ ಸಾನಿ ಬ್ಯಾಂಕ್ಸ್, 1963ರಲ್ಲಿ ಹೆನ್ರಿ ಕೂಪರ್, 1971ರಲ್ಲಿ ಫ್ರೇಜರ್, ಮೂವರೂ ಅವನನ್ನು ಕೆಡವಿದ್ದು ಎಡ ಹುಕ್‌ನಿಂದ. ಟೈಸನ್ನನ ಎಡ ಹುಕ್ ಆ ಮೂವರದ್ದಕ್ಕಿಂತ ಬೇಗ ತಲುಪುತ್ತದೆ, ಬ್ಯಾಂಕ್ಸ್ ಮತ್ತು ಕೂಪರ್‌ದಕ್ಕಿಂತ ಭಾರವೂ ಹೌದು.

ಪಂದ್ಯವನ್ನು ಎರಡು ಭಾಗ ಮಾಡಿ ಅಂದಾಜು ಹಾಕೋಣ. ಮೊದಲ ನಾಲ್ಕು ರೌಂಡ್‌ಗಳಲ್ಲಿ ಟೈಸನ್ ಮುಗಿಸುವ ಸಾಧ್ಯತೆ ನೂರಕ್ಕೆ 25 ಇರಲಿ. ಉಳಿದ 75ರಲ್ಲಿ ಪಂದ್ಯ ಉದ್ದವಾಗುತ್ತದೆ, ಟೈಸನ್ನನ ತಲೆಯ ಓಲಾಟ ನಿಧಾನವಾಗುತ್ತದೆ, ಅಲ್ಲಿ ಅಲಿಯ ಪಾಲು ನೂರಕ್ಕೆ 80. ಗುಣಿಸಿದರೆ ಅಲಿಗೆ 60, ಟೈಸನ್ನನಿಗೆ 40. 15 ರೌಂಡ್ ಮಾಡಿದರೆ ಅಲಿಯ ಪಾಲನ್ನು 85ಕ್ಕೆ ಏರಿಸಬಹುದು, ಒಟ್ಟು 64ರ ಹತ್ತಿರ.

ಈಗ ರೆಫ್ರಿಯನ್ನು ಬದಲಿಸಿ. ಅಲಿ ಒಳಬಂದವನ ಕುತ್ತಿಗೆಯ ಹಿಂಬದಿ ಎಡಗೈಯಿಂದ ಒತ್ತಿ ಹಿಡಿಯುತ್ತಿದ್ದ. ನಿಯಮದ ಪ್ರಕಾರ ಅದು ತಪ್ಪು, ಆದರೆ ಬಹುತೇಕ ರೆಫ್ರಿಗಳು ಕಣ್ಣುಮುಚ್ಚಿಕೊಂಡರು. ಎರಡು ಎಚ್ಚರಿಕೆ ಕೊಟ್ಟು ಮೂರನೆಯದಕ್ಕೆ ಪಾಯಿಂಟ್ ಕಳೆಯುವ ಕಟ್ಟುನಿಟ್ಟಿನವನಿದ್ದರೆ ಟೈಸನ್ ಒಳಗೆ ಉಳಿಯುವ ಸೆಕೆಂಡುಗಳು ಹೆಚ್ಚುತ್ತವೆ. ಮೊದಲ ಭಾಗಕ್ಕೆ 35, ಎರಡನೆಯದರಲ್ಲಿ ಅಲಿಗೆ 75 ಎಂದಿಟ್ಟರೆ 65ನ್ನು 75ರಿಂದ ಗುಣಿಸಿ ನೂರರಿಂದ ಭಾಗಿಸಬೇಕು. ಬರುವುದು 49ಕ್ಕೂ ಚೂರು ಕಡಿಮೆ. ಬಾಕ್ಸರ್‌ಗಳು ಅವರೇ, ರಿಂಗ್ ಅದೇ, ಬದಲಾದದ್ದು ಬಿಳಿ ಅಂಗಿಯವನು ಮಾತ್ರ, ಆದರೆ ಈಗ ಕೂದಲೆಳೆಯಷ್ಟು ಮುಂದಿರುವವನು ಟೈಸನ್. ನಿಮ್ಮ ಅಂಕಿ ಬೇರೆ ಇರಬಹುದು, ಹಾಕಿ ನೋಡಿ. 25, 80 ಎಂದು ಬರೆದಾಗ ಜಗಳ ಯಾವ ಅಂಕಿಯ ಮೇಲೆ ಎಂಬುದಾದರೂ ಸ್ಪಷ್ಟವಾಗುತ್ತದೆ.

ಜೋ ಲೂಯಿ ಮತ್ತು ಉಸಿಕ್ ಜೋಡಿಗೆ ಇಷ್ಟು ಉದ್ದದ ಲೆಕ್ಕ ಬೇಡ. ಲೂಯಿಯ ಕಾಲು ನಿಧಾನ, ಸುತ್ತುವ ಕಾನ್ ಅವನನ್ನು ಕಾಡಿದ್ದ. ಜ್ಯಾಬ್ ಆದ ಮೇಲೆ ಎಡಗೈ ಕೆಳಗಿಳಿಸುವ ಅವನ ತಪ್ಪನ್ನು 1936ರಲ್ಲಿ ಶ್ಮೆಲಿಂಗ್ ಬಲಗೈಯಿಂದ ಶಿಕ್ಷಿಸಿದ್ದ. ಎಡಚನಾದ ಉಸಿಕ್‌ನ ಕಾಲು ಕಾನ್‌ನ ನೆನಪು ತರುತ್ತದೆ, ತೂಕ ಮಾತ್ರ ಕಾನ್‌ಗಿಂತ 20 ಕಿಲೋಗೂ ಹೆಚ್ಚು. 12 ರೌಂಡ್, 10 ಔನ್ಸ್ ಆದರೆ ಉಸಿಕ್. 15 ರೌಂಡ್, 6 ಔನ್ಸ್ ಆದರೆ ಲೂಯಿಯ ಮೋಟು, ನೇರ, ಒಂದರ ಹಿಂದೊಂದು ಬರುವ ಪೆಟ್ಟುಗಳ ಮೇಲೆ ಹಣ ಕಟ್ಟುವವನನ್ನು ಹುಚ್ಚ ಎನ್ನಲಾಗದು.

ಜಾಗವನ್ನೂ ಬರೆದುಕೊಳ್ಳಬೇಕು. 1975ರ ಅಕ್ಟೋಬರ್ 1ರಂದು ಮನಿಲಾದ ಸೆಕೆಯಲ್ಲಿ, ಬೆಳಗಿನ ಹೊತ್ತಿನಲ್ಲಿ ನಡೆದ ಅಲಿ–ಫ್ರೇಜರ್ ಪಂದ್ಯ 14 ರೌಂಡ್ ಆಗುವಾಗ ಇಬ್ಬರನ್ನೂ ಸಾವಿನ ಅಂಚಿಗೆ ತಂದಿತ್ತು. ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಆರದಿದ್ದರೆ ಮೈ ತಣಿಯುವುದಿಲ್ಲ. ಮೈ ದೊಡ್ಡದಾದಷ್ಟೂ ತೂಕಕ್ಕೆ ಹೋಲಿಸಿದರೆ ಬಿಸಿ ಹೊರಹಾಕುವ ಚರ್ಮ ಕಡಿಮೆ. ಆದ್ದರಿಂದ ಫ್ಯೂರಿ–ಮಾರ್ಸಿಯಾನೊ ಪಂದ್ಯವನ್ನು ಮೇ ತಿಂಗಳ ಹಗಲಲ್ಲಿ ಕಾರವಾರದ ಮಾಲಾದೇವಿ ಮೈದಾನದಲ್ಲಿ ಬಯಲಿಗೇ ಇಟ್ಟರೆ, 124 ಕಿಲೋದವನಿಗೆ ಎಂಟನೇ ರೌಂಡಿನ ನಂತರ ತಬ್ಬಿಕೊಂಡು ಒರಗುವುದೂ ಭಾರವಾಗಬಹುದು. ಪ್ರತಿ ಪಂದ್ಯಕ್ಕೂ ಓಡಿ ಓಡಿ ದಮ್ಮು ಬೆಳೆಸಿಕೊಂಡು ಬರುತ್ತಿದ್ದ ಮಾರ್ಸಿಯಾನೊಗೆ 15 ರೌಂಡ್ ಇದ್ದರೆ ನೂರಕ್ಕೆ 25ರಷ್ಟಾದರೂ ಕೊಡಬೇಕು. ಅದೇ ಪಂದ್ಯವನ್ನು ಡಿಸೆಂಬರಿನ ರಾತ್ರಿ ಘಟ್ಟದ ಮೇಲೆ ಶಿರಸಿಯಲ್ಲಿ, 12 ರೌಂಡಿಗೆ ಇಟ್ಟರೆ 10ಕ್ಕಿಂತ ಹೆಚ್ಚು ಕೊಡಲು ಕಾರಣ ಕಾಣುವುದಿಲ್ಲ.